ಬಿಡುವ ಹಾಳೆ, ತಡೆಯುವ ಹಾಳೆ

ಜನವರಿ 9

ತೂಕದ ದಿನ. ಹದಿನಾರು ಚೌಕಟ್ಟು, ಹದಿನಾರು ಚೀಲ. ಮೊನ್ನೆ ಬಯಲಿನಿಂದ ತಂದು ಓವನ್‌ನಲ್ಲಿ ಒಣಗಿಸಿದ್ದು. ಚೀಲ ಬಿಚ್ಚು, ಮಣ್ಣು ಕೊಡವು, ತೂಗು, ಬರೆ. ಮಧ್ಯಾಹ್ನಕ್ಕೆ ಮುಗಿಯಿತು. ಹುಳದ ಡಾಕ್ಟರಿಗೆ ಖುಷಿ. ಇನ್ನೂ ಡಾಕ್ಟರ್ ಆಗಿಲ್ಲ ಪಾಪ, ಪಿಎಚ್.ಡಿ. ಪ್ರಬಂಧಕ್ಕೆ ಇನ್ನೊಂದು ವರ್ಷ ಬೇಕು. ಮಣ್ಣಿನ ಹುಳ ಎಣಿಸುತ್ತಾಳೆಂದು ಸಂಶೋಧನಾ ಕೇಂದ್ರದವರೆಲ್ಲ ಸೇರಿ ಮೊದಲೇ ಪದವಿ ಕೊಟ್ಟುಬಿಟ್ಟಿದ್ದಾರೆ. ನನಗೆ ಕೊಟ್ಟಿದ್ದು ಮೀಟರಕ್ಕ. ಇಪ್ಪತ್ತೆರಡು ವರ್ಷದಲ್ಲಿ ಅಳೆಯದೆ ಏನನ್ನೂ ಬರೆದವಳಲ್ಲ ಎಂದು.

ಮುಖ್ಯ ಕಚೇರಿಯಿಂದ ಒಬ್ಬರು ತಪಾಸಣೆಗೆ ಬಂದಿದ್ದರು. ಬಯಲಿಗೆ ಕರೆದೊಯ್ದೆವು. "ಹುಲ್ಲಿಗೆ ಯಾಕಮ್ಮ ಪ್ಲಾಸ್ಟಿಕ್ ಸೂರು?" ಎಂದರು. ವಿವರಿಸಿದೆ. ಬಿಸಿಲಿನಲ್ಲಿ ಕಣ್ಣಿಗೆ ಕಾಣದ ಒಂದು ಭಾಗವಿದೆ, ಯು.ವಿ. ಒಂದು ಬಗೆಯ ಹಾಳೆ ಅದನ್ನು ಒಳಗೆ ಬಿಡುತ್ತದೆ. ಇನ್ನೊಂದು ಬಗೆ ತಡೆಯುತ್ತದೆ. ಬೆಸ ಸಂಖ್ಯೆಯ ಚೌಕಟ್ಟಿಗೆ ಬಿಡುವ ಹಾಳೆ, ಸಮ ಸಂಖ್ಯೆಗೆ ತಡೆಯುವ ಹಾಳೆ. ಮಳೆ ಇಳಿಯಲು ಎರಡಕ್ಕೂ ತೂತು. ಕೆಳಗೆ ಬಲೆಯ ಚೀಲಗಳಲ್ಲಿ ಹತ್ತು ಹತ್ತು ಗ್ರಾಂ ಒಣಹುಲ್ಲು. ಎರಡು ತಿಂಗಳಿಗೊಮ್ಮೆ ಒಂದೊಂದು ಚೀಲ ತೆಗೆದು, ಎಷ್ಟು ಕೊಳೆತಿದೆ ನೋಡುವುದು.

"ಕೊಳೆಯೋದನ್ನ ನೋಡೋಕೂ ಸಂಬಳ ಕೊಡ್ತಾರಾ?"

ಡಾಕ್ಟರು ಬಿಡಲಿಲ್ಲ. "ಕೊಳೀದೇ ಇದ್ದಿದ್ರೆ ಸರ್, ಇಷ್ಟೊತ್ತಿಗೆ ಹಳೇ ಹುಲ್ಲು ನಮ್ಮ ಕುತ್ತಿಗೆವರೆಗೆ ಬಂದಿರೋದು."

ಆಮೇಲೆ ದಾರಿಯುದ್ದಕ್ಕೂ ಅವರಿಗೆ ಪಾಠ. ಬಿಸಿಲು ಒಣಹುಲ್ಲನ್ನು ತಾನೇ ಮುರಿಯುತ್ತದೆ. ಆದರೆ ಅದೇ ಬಿಸಿಲು ಹುಲ್ಲು ತಿನ್ನುವ ಬೂಷ್ಟನ್ನೂ ಮೇಲ್ಮಣ್ಣಿನ ಜೀವಗಳನ್ನೂ ಸುಡುತ್ತದೆ. ಕೊನೆಗೆ ಲೆಕ್ಕ ಯಾವ ಕಡೆ ವಾಲುತ್ತದೆ — ಅದೇ ಅವಳ ಪ್ರಶ್ನೆ. ಅದಕ್ಕಾಗಿ ಕಾಲೇಜಿನ ಖಾಯಂ ಕೆಲಸ ಬಿಟ್ಟು ಬಂದಿದ್ದಾಳೆ.

ಮಾರ್ಚ್ 11, ಸಂಜೆ 6, ಬಸ್ಸಿನಲ್ಲಿ

ಮಧ್ಯಾಹ್ನ ಸುಂಟರಗಾಳಿ. ಒಂಬತ್ತರಿಂದ ಹದಿನಾಲ್ಕರವರೆಗಿನ ಆರೂ ಹಾಳೆ ಹಾರಿ ಬೇಲಿಗೆ ಬಡಿದುಕೊಂಡಿದ್ದವು. ಒಂದರ ಮೂಲೆ ಮುರಿದಿದೆ. ಡಾಕ್ಟರು ಊರಲ್ಲಿಲ್ಲ, ಅವಳ ಅಪ್ಪನಿಗೆ ಹುಷಾರಿಲ್ಲ. ಒಬ್ಬಳೇ ಎತ್ತಿ ತಂದೆ. ಗುರುತಿಗೆ ಹಾಕಿದ ಮಾರ್ಕರ್ ಚುಕ್ಕೆ ಬಿಸಿಲಿಗೆ ಅಳಿಸಿಹೋಗಿದೆ. ಎರಡು ಬಗೆಯೂ ಗಾಜಿನ ಹಾಗೆ ತಿಳಿ, ನೋಡಿದರೆ ವ್ಯತ್ಯಾಸವಿಲ್ಲ. ಅಂಚು ಹಿಡಿದು ನೋಡಿದರೆ ಮೂರು ಕೊಂಚ ಹಳದಿ. ಬಿಸಿಲು ಕುಡಿದು ಹಳದಿಯಾಗಿರಬೇಕು, ಬಿಡುವ ಹಾಳೆ ಇವೇ ಎಂದುಕೊಂಡೆ. ಹಾಕಿದೆ. ಬಿಗಿದೆ.

ಯು.ವಿ. ಮೀಟರ್ ಹಿಡಿದರೆ ಒಂದು ನಿಮಿಷದ ಕೆಲಸ. ಮೀಟರ್ ರಿಪೇರಿಗೆ ಹೋಗಿದೆ. ಲಾಗ್‌ಬುಕ್ಕಿನಲ್ಲಿ "ಮೀಟರ್‌ನಿಂದ ಪರೀಕ್ಷಿಸಿದೆ" ಎನ್ನುವ ಕಾಲಂ... ಟಿಕ್ ಹಾಕಿದೆ. 5.40ರ ಬಸ್ ಹಿಡಿಯಬೇಕಿತ್ತು.

ಮೀಟರ್ ಬಂದ ಮೇಲೆ ನೋಡಿದರಾಯಿತು.

ಮಾರ್ಚ್ 23

ಮೀಟರ್ ಬಂತು. ಚಾರ್ಜಿಗೆ ಇಟ್ಟೆ. ಬಯಲಿನ ತನಕ ಹೋದೆ, ಕೈಯಲ್ಲೇ ಇತ್ತು. ಹಿಡಿಯಲಿಲ್ಲ.

ಹಿಡಿದ ಪ್ರತಿ ಸಲವೂ ತಾರೀಖಿನ ಸಮೇತ ಅದರೊಳಗೆ ಉಳಿಯುತ್ತದೆ, ತಿಂಗಳ ಕೊನೆಗೆ ಡಾಕ್ಟರು ಇಳಿಸಿಕೊಳ್ಳುತ್ತಾಳೆ. ಹನ್ನೊಂದಕ್ಕೇ ಟಿಕ್ ಹಾಕಿ ಇಪ್ಪತ್ತಮೂರಕ್ಕೆ ಯಾಕೆ ನೋಡಿದಿರಿ ಎಂದು ಕೇಳಿದರೆ? ಸರಿಯಾಗಿಯೇ ಹಾಕಿರುತ್ತೇನೆ. ಇಪ್ಪತ್ತೆರಡು ವರ್ಷದ ಕಣ್ಣು.

ಮೇ 8

ತೂಕ. ಎಲ್ಲ ಕಡೆ ಬಿಡುವ ಹಾಳೆಯ ಕೆಳಗಿನ ಹುಲ್ಲು ಎರಡು ತಿಂಗಳಲ್ಲಿ 0.9 ಗ್ರಾಂ ಕಳೆದುಕೊಂಡಿದೆ, ತಡೆಯುವುದರ ಕೆಳಗೆ 0.5. ಒಂಬತ್ತರಿಂದ ಹದಿನಾಲ್ಕರವರೆಗೆ ಮಾತ್ರ ಉಲ್ಟಾ. ಮೂರು ಜೋಡಿಗೆ ಮೂರೂ.

ಓದುವಾಗ ನನ್ನ ದನಿ ನನಗೇ ಕೇಳುತ್ತಿತ್ತು. ಹನ್ನೆರಡಕ್ಕೆ ಬರುವಾಗಲೇ ಅನುಮಾನ ಬಂತು. ಹದಿಮೂರು, ಹದಿನಾಲ್ಕು ಸುಮ್ಮನೆ ಓದಿದೆ.

ಡಾಕ್ಟರು ತೂಕದ ಹಾಳೆಯನ್ನೇ ನೋಡುತ್ತ ಕೂತಳು. "ಅಕ್ಕ, ಇದು ಹೊಸದು. ಆ ಸಾಲು ಇಳಿಜಾರಲ್ಲಿದೆ ಅಲ್ವಾ? ತೇವ ಜಾಸ್ತಿ ಇದ್ರೆ ಯು.ವಿ. ಕೆಲಸಾನೇ ತಿರುಗಿಬಿಡುತ್ತೇನೋ."

"ಇರಬಹುದು" ಎಂದೆ.

ಇರಬಹುದು. ಎಂಥ ಮಾತು ಬಂತು ಬಾಯಿಂದ.

ಮೇ 30

ಮೂರು ವಾರದಿಂದ ಇಳಿಜಾರಿನ ಮಣ್ಣು ಅಗೆಯುತ್ತಿದ್ದಾಳೆ. ಹಿಡಿ ಮಣ್ಣು ಆಲಿಕೆಯಲ್ಲಿ ಹಾಕಿ ಮೇಲೆ ಬಲ್ಬ್ ಹಚ್ಚುವುದು. ಬಿಸಿಗೆ ಹೆದರಿ ಜೀವಗಳು ಕೆಳಗಿಳಿದು ಸ್ಪಿರಿಟ್ ಶೀಶೆಗೆ ಬೀಳುತ್ತವೆ. ಸಾಸಿವೆಗಿಂತ ಸಣ್ಣವು. ನಲವತ್ತು ಶೀಶೆ ಎಣಿಸಿದ್ದಾಳೆ. ಕಣ್ಣು ಕೆಂಪಗಾಗಿದೆ. ತೇವದಲ್ಲಿ ಏನೂ ವ್ಯತ್ಯಾಸ ಸಿಗುತ್ತಿಲ್ಲವಂತೆ. "ನಾನೇ ಎಲ್ಲೋ ತಪ್ಪು ಅಗೀತಿದೀನಿ" ಅಂದಳು.

ಇವತ್ತು ಮೀಟಿಂಗಿನಲ್ಲಿ ನಿರ್ದೇಶಕರ ಮುಂದೆ ಇಟ್ಟಳು. ಅವರು ಕನ್ನಡಕ ತೆಗೆದು ನಕ್ಕರು. "ನಲವತ್ತು ಹೆಜ್ಜೆ ಆಚೆ ಹೋದ್ರೆ ಸೂರ್ಯ ಬೇರೆ ಆಗ್ತಾನೇನಮ್ಮ? ಚೀಲದ ಚೀಟಿ ಅದಲುಬದಲು ಮಾಡಿದೀಯ. ಹೋಗಿ ನೋಡ್ಕೋ."

"ಹಾಳೆ ಏನಾದ್ರೂ..." ಎಂದಳು.

"ಹಾಳೆ ಹಾಕಿದ್ದು ಮೀಟರಕ್ಕ." ಅಲ್ಲಿಗೆ ಮುಗಿಯಿತು. ಎಲ್ಲರೂ ನನ್ನ ಕಡೆ ನೋಡಿ ತಲೆಯಾಡಿಸಿದರು. ನಾನೂ ಆಡಿಸಿದೆ.

ಜೂನ್ 19

ಗಾಳಿಯ ದಿನ ಮುರಿದಿದ್ದ ಮೂಲೆ ಬೇಲಿಯ ಬುಡದಲ್ಲೇ ಬಿದ್ದಿತ್ತು. ಹತ್ತನೇ ಚೌಕಟ್ಟಿಗೆ ಹಾಕಿದ ಹಾಳೆಯದು. ತಡೆಯಬೇಕಾದ ಹಾಳೆ. ಚೀಲದಲ್ಲಿ ಹಾಕಿಕೊಂಡು ಸೀದಾ ನಮ್ಮನೆಯವರ ಕನ್ನಡಕದ ಅಂಗಡಿಗೆ ಹೋದೆ. ಲೆನ್ಸು ಯು.ವಿ. ತಡೆಯುತ್ತದೋ ಇಲ್ಲವೋ ಎಂದು ಗಿರಾಕಿಗೆ ತೋರಿಸಲು ಇವರ ಹತ್ತಿರ ಪುಟ್ಟ ನೇರಳೆ ಲ್ಯಾಂಪ್ ಇದೆ. ಕೆಳಗೊಂದು ಬಿಳಿ ಕಾರ್ಡು. ಕಿರಣ ತಾಗಿದರೆ ಕಾರ್ಡು ಹೊಳೆಯುತ್ತದೆ.

ಚೂರು ಇಟ್ಟರು. ಕಾರ್ಡು ಹೊಳೆಯಿತು.

"ಇದೇನೂ ತಡೀತಿಲ್ಲ ಕಣೇ. ಯಾರು ನಿಂಗೆ ಮೋಸ ಮಾಡಿದ್ದು?"

"ಯಾರೂ ಇಲ್ಲ."

"ಬಿಲ್ ಇದ್ರೆ ವಾಪಸ್ ಕೊಡು. ಬಿಡ್ಬೇಡ."

ಗಿರಾಕಿ ಬಂದರು. ಇವರು ಆ ಕಡೆ ತಿರುಗಿದರು. ನಾನು ಇನ್ನೊಂದು ಸಲ ಲ್ಯಾಂಪ್ ಒತ್ತಿದೆ. ಹೊಳೆಯಿತು.

ಜುಲೈ 5, ಭಾನುವಾರ

ಬೆಳಿಗ್ಗೆ ಕೇಂದ್ರಕ್ಕೆ ಹೋದೆ. ಕಾವಲುಗಾರನಿಗೆ ಛತ್ರಿ ಮರೆತಿದ್ದೆ ಎಂದೆ. ಹತ್ತೂವರೆಗೆ ಶುರು, ಹನ್ನೆರಡಕ್ಕೆ ಮುಗಿಯಿತು. ಆರೂ ಹಾಳೆ ಅವುಗಳ ಜಾಗಕ್ಕೆ. ಈ ಸಲ ಮೀಟರ್ ಹಿಡಿದೆ, ಆಮೇಲೆ ಅದರೊಳಗಿನ ಆರೂ ದಾಖಲೆ ಅಳಿಸಿದೆ. ಲಾಗ್‌ಬುಕ್ಕಿನಲ್ಲಿ ಏನೂ ಬರೆಯಲಿಲ್ಲ.

ನೆಲ ಒದ್ದೆ. ಮೊದಲ ಮಳೆ ಮೊನ್ನೆಯೇ ಬಿದ್ದಿದೆ. ಹುಲ್ಲಿನ ಬುಡದಲ್ಲಿ ಬಿಳಿ ಬೂಷ್ಟು.

ಜುಲೈ 7

ಎರಡು ದಿನದಿಂದ ನಿದ್ದೆ ಚೆನ್ನಾಗಿ ಬರುತ್ತಿದೆ. ಈ ವಾರದ ತೂಕ ಉಲ್ಟಾ ಬಂದರೂ ಇನ್ನು ಮುಂದೆ ಸಂಖ್ಯೆ ತಾನೇ ಸರಿಹೋಗುತ್ತದೆ. ನಡುವಿನದು ಗಾಳಿ, ಮಳೆ, ಇಲಿ — ಯಾವುದೋ ಒಂದರ ಲೆಕ್ಕಕ್ಕೆ ಹೋಗುತ್ತದೆ. ಪ್ರಬಂಧದಲ್ಲಿ ಒಂದು ಅಡಿಟಿಪ್ಪಣಿ. ಯಾರಿಗೂ ನಷ್ಟವಿಲ್ಲ.

ಹೀಗೆ ಬರೆದು ಓದಿಕೊಂಡೆ. ಬರೆದವಳನ್ನು ನಂಬುವ ಹಾಗಿಲ್ಲ.

ಸೆಪ್ಟೆಂಬರ್ 10

ಸರಿಹೋಗಲಿಲ್ಲ.

ಮಾಮೂಲಿ ಚೌಕಟ್ಟುಗಳಲ್ಲಿ ಬಿಡುವುದರ ಕೆಳಗೆ ಉಳಿದದ್ದು 5.9 ಗ್ರಾಂ, ತಡೆಯುವುದರ ಕೆಳಗೆ 6.2. ಹತ್ತು, ಹನ್ನೆರಡು, ಹದಿನಾಲ್ಕರಲ್ಲಿ 4.7. ಅರ್ಧಕ್ಕಿಂತ ಹೆಚ್ಚು ಹುಲ್ಲು ಮಾಯ. ಮಣ್ಣಿನಲ್ಲಿ ಜೀವಗಳೋ, ಶೀಶೆ ತುಂಬ. ಒಂಬತ್ತು, ಹನ್ನೊಂದು, ಹದಿಮೂರರಲ್ಲಿ ಏಳಕ್ಕೇ ನಿಂತಿದೆ, ಹುಲ್ಲು ಹೊಸದರಂತೆ ಗಟ್ಟಿ. ಇಡೀ ಬಯಲಿನಲ್ಲಿ ಎಲ್ಲಕ್ಕಿಂತ ಕೊಳೆತದ್ದೂ ಅಲ್ಲೇ, ಎಲ್ಲಕ್ಕಿಂತ ಕೊಳೆಯದ್ದೂ ಅಲ್ಲೇ.

ಡಾಕ್ಟರು ಪ್ರತಿ ಚೀಲದ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ನನಗೆ ಕೊಟ್ಟು, "ಅಕ್ಕ, ಇದು ಹದಿನಾಲ್ಕೇ ತಾನೆ? ನನ್ನ ಕಣ್ಣಿಗೆ ಹದಿನಾಲ್ಕೇ ಕಾಣ್ತಿದೆ" ಎಂದಳು.

"ಹದಿನಾಲ್ಕೇ."

ಸೆಪ್ಟೆಂಬರ್ 18

ನಿರ್ದೇಶಕರು ಕರೆದಿದ್ದರು. ಅವಳನ್ನು, ಜೊತೆಗೆ ನನ್ನನ್ನೂ. ಮೇಲಿನವರಿಗೆ ವರದಿ ಹೋಗಬೇಕು, ಈ ಸಂಖ್ಯೆ ಹೋದರೆ ಕೇಂದ್ರದ ಮಾನ ಹೋಗುತ್ತದೆ. "ಯೋಜನೆಯಿಂದ ಆಚೆ ಇರು ಸ್ವಲ್ಪ ದಿನ. ಚೀಟಿ ಅದಲುಬದಲಾಗಿದ್ದು ಒಪ್ಪಿ ಒಂದು ಪತ್ರ ಕೊಡು. ಅಷ್ಟಕ್ಕೇ ಬಿಡ್ತೀನಿ."

"ಸರ್, ಹಾಗೆ ಮಾಡಿದ ನೆನಪಿಲ್ಲ ನಂಗೆ."

"ತಪ್ಪು ಮಾಡಿದ್ದು ಯಾರಿಗಮ್ಮ ನೆನಪಿರುತ್ತೆ?"

ನನಗೆ ನೆನಪಿತ್ತು. ಬಸ್ಸಿನ ಸಮಯದ ಸಮೇತ. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೈಚೀಲದ ಜಿಪ್ ಎಳೆಯುತ್ತಿದ್ದೆ, ಬಿಡುತ್ತಿದ್ದೆ.

ಸೆಪ್ಟೆಂಬರ್ 21

ಪತ್ರ ಬರೆದು ತಂದಳು. ಅರ್ಧ ಪುಟ. "ನವೆಂಬರ್‌ನಲ್ಲಿ ಚೀಲಗಳನ್ನು ಇಡುವಾಗ ನನ್ನ ಅಜಾಗರೂಕತೆಯಿಂದ..." ಚೆಂದದ ಅಕ್ಷರ. ಕೆಳಗೆ ಸಾಕ್ಷಿಗೆ ಒಂದು ಗೆರೆ.

"ನೀವೇ ಹಾಕಿ ಅಕ್ಕ. ನೀವು ಹಾಕಿದ್ರೆ ಇನ್ನು ಯಾರೂ ಪ್ರಶ್ನೆ ಕೇಳಲ್ಲ. ಅದೇ ಬೇಕಾಗಿರೋದು ನಂಗೆ ಈಗ."

ಹೇಳಲು ಬಾಯಿ ತೆರೆದೆ. ನಿಜವಾಗಿ ತೆರೆದೆ. ಬಂದದ್ದು "ನಿನ್ನ ಪೆನ್ ಕೊಡು" ಎಂದು.

ಸಹಿ ಹಾಕಿದೆ.

ಅವಳು ಥ್ಯಾಂಕ್ಸ್ ಹೇಳಿದಳು.

ಅಕ್ಟೋಬರ್ 3

ಬರೆಯಲು ಆಗುತ್ತಿಲ್ಲ. ಹನ್ನೆರಡು ದಿನ ಈ ಪುಸ್ತಕ ಮುಟ್ಟಲಿಲ್ಲ.

ಡಾಕ್ಟರಿಗೆ ಈಗ ಗ್ರಂಥಾಲಯದ ಮೂಲೆಯಲ್ಲೊಂದು ಮೇಜು. ಬಯಲಿಗೆ ಬರುವ ಹಾಗಿಲ್ಲ. ನಿನ್ನೆ ಪ್ರಯೋಗಾಲಯದ ಬೀಗ ಹಾಕುತ್ತಿದ್ದಳು. ಹಾಕಿದಳು, ಎಳೆದು ನೋಡಿದಳು, ಹತ್ತು ಹೆಜ್ಜೆ ಹೋಗಿ ವಾಪಸ್ ಬಂದು ಎಳೆದು ನೋಡಿದಳು. ಗೇಟಿನ ತನಕ ಹೋಗಿ ಮತ್ತೆ ಬಂದಳು. ನಾನು ಮೆಟ್ಟಿಲಲ್ಲಿ ನಿಂತು ನೋಡಿದೆ.

ಊಟ ಸೇರುತ್ತಿಲ್ಲ. ಇವರು ತಟ್ಟೆ ನೋಡಿದರು, ನನ್ನ ಮುಖ ನೋಡಿದರು. "ಆ ಪ್ಲಾಸ್ಟಿಕ್ ಚೂರು ತಂದಾಗಿನಿಂದ ನೀನು ಸರಿ ಇಲ್ಲ."

ಹೇಳಿದೆ. ಎಲ್ಲ. ಸಹಿಯನ್ನೂ.

ನೀರಿನ ಲೋಟ ಪಕ್ಕಕ್ಕೆ ಸರಿಸಿದರು. ಆಮೇಲೆ, "ನಾನೂ ಒಂದ್ಸಲ ಎಡಗಣ್ಣಿನ ಲೆನ್ಸು ಬಲಕ್ಕೆ ಹಾಕಿ ಕೊಟ್ಟಿದ್ದೆ. ಆಯಪ್ಪ ತಿಂಗಳೆಲ್ಲ ತಲೆನೋವು ಅಂತ ಡಾಕ್ಟರ್ ಹತ್ರ ಅಲೆದ."

"ಹೇಳಿದ್ರಾ ಅವರಿಗೆ?"

"ಇಲ್ಲ. ಸುಮ್ನೆ ಬದಲಾಯಿಸಿಕೊಟ್ಟೆ, ರೂಢಿಯಾಗ್ಬೇಕು ಅಂತ ಹೇಳಿ." ತಟ್ಟೆ ಎತ್ತಿಕೊಂಡು ಒಳಗೆ ಹೋದರು. ಒಳಗಿನಿಂದಲೇ ಹೇಳಿದರು, "ಹತ್ತೊಂಬತ್ತು ವರ್ಷ ಆಯ್ತು. ಅವನು ಅಂಗಡಿ ಮುಂದೆ ಹಾದುಹೋದ್ರೆ ನಾನು ಇವತ್ತಿಗೂ ಬಗ್ಗಿ ಏನೋ ಹುಡುಕ್ತೀನಿ."

ಅಕ್ಟೋಬರ್ 6

ಹೇಳಿದೆ.

ಗ್ರಂಥಾಲಯದಲ್ಲಿ ಬೇಡವೆಂದು ಬಯಲಿಗೆ ಕರೆದೆ. ನಂಗೆ ಬರೋಕೆ ಅನುಮತಿ ಇಲ್ಲ ಎಂದಳು. ನನ್ನ ಜವಾಬ್ದಾರಿ ಬಾ ಎಂದೆ. ಈಗ ಒಂಬತ್ತನೇ ಚೌಕಟ್ಟಿನಲ್ಲಿರುವ ಹಾಳೆಯ ಮುರಿದ ಮೂಲೆ ತೋರಿಸಿ, ಚೂರನ್ನು ಕೈಗೆ ಕೊಟ್ಟು ಹೇಳಿದೆ. ಗಾಳಿ. ಹಳದಿ ಅಂಚು. ಟಿಕ್. ಭಾನುವಾರ. ಅಳಿಸಿದ ದಾಖಲೆ. ಒಂದೂ ಬಿಡದೆ ಹೇಳಿದೆನೋ ಇಲ್ಲವೋ ಎಂದು ಆಮೇಲೆ ಎಣಿಸಿ ನೋಡಿದೆ. ಬಿಟ್ಟಿರಲಿಲ್ಲ.

ಕೂಗಾಡುತ್ತಾಳೆ ಎಂದುಕೊಂಡಿದ್ದೆ. ಇಲ್ಲ. ಚೂರನ್ನು ಎರಡೂ ಕಡೆ ತಿರುಗಿಸಿ ನೋಡಿದಳು.

"ತಪ್ಪು ಹಾಕಿದ್ದು ಬಿಡಿ. ಗಾಳಿ ಬಂತು, ಗೊತ್ತಾಗ್ಲಿಲ್ಲ, ಹಾಕಿದ್ರಿ. ಮೇ ತಿಂಗಳಲ್ಲಿ ನಾನು ನೆಲ ಅಗೀತಿದ್ದಾಗ ನಿಮಗೆ ಗೊತ್ತಿತ್ತಾ?"

"ಅನುಮಾನ ಇತ್ತು."

"ಪತ್ರಕ್ಕೆ ಸಹಿ ಹಾಕುವಾಗ?"

"ಗೊತ್ತಿತ್ತು."

"ನಾನು ಮನೇಲಿ ಗ್ಯಾಸ್ ಆಫ್ ಮಾಡಿದೀನೋ ಇಲ್ವೋ ಅಂತ ಐದೈದು ಸಲ ಎದ್ದು ನೋಡ್ತೀನಿ. ಅಪ್ಪನ ಮಾತ್ರೆ ಡಬ್ಬಿಗೆ ಹಾಕೋಕೆ ಹೆದರಿಕೆ ಆಗಿ ತಮ್ಮನ ಕೈಲಿ ಹಾಕಿಸ್ತೀನಿ. ನನ್ನ ಕೈನ ನಾನೇ ನಂಬದ ಹಾಗೆ ಮಾಡಿಬಿಟ್ರಲ್ಲ ಮೇಡಂ."

ಮೇಡಂ. ನಾಲ್ಕು ವರ್ಷದಲ್ಲಿ ಮೊದಲ ಸಲ.

ಕ್ಷಮಿಸು ಎಂದೆ. ಅದು ಕೇಳಿಸಿತೋ ಇಲ್ಲವೋ. ಹೊರಟವಳು ನಿಂತು, ನನ್ನ ಕಡೆ ನೋಡದೆ, "ಭಾನುವಾರ ಅಂದ್ರಲ್ಲ, ಯಾವ ತಾರೀಖು?" ಎಂದಳು.

"ಜುಲೈ ಐದು. ಹತ್ತೂವರೆಯಿಂದ ಹನ್ನೆರಡು."

ಅಂಗೈ ಮೇಲೆ ಬರೆದುಕೊಂಡು ಹೋದಳು.

ಅಕ್ಟೋಬರ್ 8

ನಿರ್ದೇಶಕರ ಕೋಣೆ. ಎರಡು ಪುಟ ಬರೆದುಕೊಂಡು ಹೋಗಿದ್ದೆ. ಓದಿದರು. ಎದ್ದು ಬಾಗಿಲು ಮುಚ್ಚಿದರು.

"ವರದಿ ಹೋಗಿ ಆಯ್ತಲ್ಲ ಮೀಟರಕ್ಕ. ಆ ಹುಡುಗಿ ಪತ್ರಾನೂ ಅದರ ಜೊತೆಗೇ ಹೋಗಿದೆ. ಈಗ ಇದನ್ನ ಎತ್ತಿದ್ರೆ ನಿಮ್ಮ ಇಪ್ಪತ್ತೆರಡು ವರ್ಷದ ಲಾಗ್‌ಬುಕ್ ಎಲ್ಲಾನೂ ಅನುಮಾನದಿಂದ ನೋಡ್ತಾರೆ. ಎಷ್ಟು ಜನರ ಕೆಲಸ ಅದರ ಮೇಲೆ ನಿಂತಿದೆ ಗೊತ್ತಾ?"

ಗೊತ್ತು.

"ನಿವೃತ್ತಿಗೆ ಎರಡು ವರ್ಷ ಇದೆ. ಅವಳು ಚಿಕ್ಕವಳು, ಇನ್ನೊಂದು ಪ್ರಯೋಗ ಮಾಡ್ತಾಳೆ. ಮನೆಗೆ ಹೋಗಿ ಮಲ್ಕೊಳ್ಳಿ." ನನ್ನ ಎರಡು ಪುಟವನ್ನು ಮಡಚಿ ನನ್ನ ಕಡೆಗೇ ಸರಿಸಿದರು.

ಕೆಟ್ಟವರಲ್ಲ ಅವರು. ನನಗೆ ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ನಂಬಿದ್ದರು. ಒಂದು ಕ್ಷಣ, ಕಾಗದ ನನ್ನ ಕೈಗೆ ಬಂದಾಗ, ಜೀವ ಹಗುರವಾಯಿತು. ಅದನ್ನೂ ಬರೆದಿಡುತ್ತೇನೆ. ಹಗುರವಾಯಿತು.

ಬಾಗಿಲ ತನಕ ಬಂದು ನಿಂತೆ. ವಾಪಸ್ ಹೋಗಿ ಕಾಗದ ಮೇಜಿನ ಮೇಲಿಟ್ಟೆ. "ನೀವು ಕಳಿಸದೇ ಇದ್ರೆ ನಾನೇ ಅಂಚೆಗೆ ಹಾಕ್ತೀನಿ ಸರ್. ಇನ್ನೊಂದು ಪ್ರತಿ ಇದೆ."

ಇರಲಿಲ್ಲ. ಸಂಜೆ ಕೂತು ಬರೆದೆ.

ಅಕ್ಟೋಬರ್ 9

ಲಾಗ್‌ಬುಕ್ ತೆಗೆದು ಮಾರ್ಚ್ 11ರ ಟಿಕ್ಕಿನ ಮೇಲೆ ಕೆಂಪು ಗೆರೆ ಎಳೆದೆ. ಪಕ್ಕದಲ್ಲಿ: "ಪರೀಕ್ಷಿಸಿಲ್ಲ. ಸುಳ್ಳು ಟಿಕ್." ಹೆಸರು, ಇಂದಿನ ತಾರೀಖು. ಜುಲೈ 5ಕ್ಕೆ ಜಾಗವೇ ಇರಲಿಲ್ಲ, ಅಂಚಿನಲ್ಲಿ ಬರೆದೆ. ಮೀಟರ್ ರಿಪೇರಿಯ ರಸೀದಿ ಅದೇ ಪುಟದ ಹಿಂದೆ ಪಿನ್ ಮಾಡಿತ್ತು. ಮಾರ್ಚ್ 4ರಿಂದ 23. ಯಾರಾದರೂ ಒಂದು ಸಲ ಪುಟ ಮಗುಚಿದ್ದರೆ ಸಾಕಿತ್ತು. ನನ್ನ ಟಿಕ್ ಎಂದು ಯಾರೂ ಮಗುಚಲಿಲ್ಲ.

ಪತ್ರ ಅಂಚೆಗೆ ಹಾಕಿದೆ.

ಅಕ್ಟೋಬರ್ 27

ಮೇಲಿನಿಂದ ಉತ್ತರ. ನನ್ನ ಮೇಲೆ ವಿಚಾರಣೆ. ಅದು ಮುಗಿಯುವವರೆಗೆ ಲಾಗ್‌ಬುಕ್ ನನ್ನ ಕೈಗಿಲ್ಲ. ತೂಕಕ್ಕೆ ಇನ್ನೊಬ್ಬರ ಮೇಲುಸ್ತುವಾರಿ ಬೇಕು. ಅವಳ ಪತ್ರ ಅವಳಿಗೇ ವಾಪಸ್, ಅವಳು ಯೋಜನೆಗೆ ವಾಪಸ್. ಕೇಂದ್ರದಲ್ಲಿ ಯಾರೂ ಏನೂ ಅನ್ನುವುದಿಲ್ಲ. ಮೀಟರಕ್ಕ ಎಂದು ಕರೆಯುವುದನ್ನು ಮಾತ್ರ ನಿಲ್ಲಿಸಿದ್ದಾರೆ. ಚಹಾ ತರುವಾತ ಮಾತ್ರ ಅಭ್ಯಾಸಬಲದಿಂದ ಅಂದ. ಅಂದು ಲೋಟ ಇಟ್ಟು ಬೇಗ ಹೋದ.

ಮಧ್ಯಾಹ್ನ ಅವಳು ಬಂದಳು. ಕೈಯಲ್ಲಿ ಗ್ರಾಫ್. ಮೇಜಿನ ಮೇಲೆ ಇಟ್ಟು, ನಿಂತುಕೊಂಡೇ ಹೇಳಿದಳು. ಎರಡು ತಾರೀಖು ಹಾಕಿ ನೋಡಿದರೆ ಎಲ್ಲವೂ ಹೊಂದುತ್ತದೆ. ಹತ್ತು, ಹನ್ನೆರಡು, ಹದಿನಾಲ್ಕರ ಹುಲ್ಲಿಗೆ ಒಣ ತಿಂಗಳುಗಳಲ್ಲಿ ಯು.ವಿ. ಬಿದ್ದಿದೆ, ಮಳೆ ತಿಂಗಳಲ್ಲಿ ಬಿದ್ದಿಲ್ಲ. ಮೊದಲು ಬಿಸಿಲು ಗಟ್ಟಿ ಹುಲ್ಲನ್ನು ಮುರಿದುಕೊಟ್ಟಿದೆ. ಆಮೇಲೆ ಸುಡುವ ಕಿರಣವಿಲ್ಲದ ನೆರಳಲ್ಲಿ ಬೂಷ್ಟು, ಹುಳ ಎಲ್ಲ ಸೇರಿ ತಿಂದಿವೆ. ಒಂಬತ್ತು, ಹನ್ನೊಂದು, ಹದಿಮೂರಕ್ಕೆ ಸರಿಯಾಗಿ ತಿರುಗಾಮುರುಗಾ: ಮೊದಲು ಮುರಿಯುವವರಿಲ್ಲ, ಆಮೇಲೆ ತಿನ್ನುವವರಿಲ್ಲ. ಯಾವ ಕಡೆ ವಾಲುತ್ತದೆ ಎಂದು ಕೇಳಿದ್ದೇ ತಪ್ಪು, ಯಾವುದು ಮೊದಲು ಎಂದು ಕೇಳಬೇಕಿತ್ತು.

ಹೇಳುತ್ತ ಹೇಳುತ್ತ ಕಣ್ಣು ಮೊದಲಿನ ಹಾಗೆ ಹೊಳೆಯಿತು. ನಾನು ಸ್ವಲ್ಪ ನಕ್ಕಿರಬೇಕು. ತಕ್ಷಣ ನಿಲ್ಲಿಸಿದಳು.

"ಕೊನೆಗೆ ಒಳ್ಳೇದೇ ಆಯ್ತು ಅಂದ್ಕೋಬೇಡಿ ಮೇಡಂ. ಇದು ಹುಲ್ಲಿನ ವಿಷಯ."

"ಇಲ್ಲ" ಎಂದೆ. ಅಂದುಕೊಂಡಿದ್ದೆ. ಅರೆಕ್ಷಣ.

"ಆರು ಚೌಕಟ್ಟು ಸಾಲಲ್ಲ. ಇನ್ನೊಂದು ವರ್ಷ ಬೇಕು, ಬೇಕಂತಲೇ ಅದಲುಬದಲು ಮಾಡಿ ನೋಡ್ಬೇಕು. ಹಾಳೆ ಬಿಚ್ಚಿ ಹಾಕೋಕೆ ಗೊತ್ತಿರೋರು ನೀವೊಬ್ರೇ." ಗ್ರಾಫ್ ಸುತ್ತಿಕೊಂಡಳು. "ಮೇಲುಸ್ತುವಾರಿ ನಾನೇ ಮಾಡ್ತೀನಿ ಅಂತ ಬರ್ಕೊಟ್ಟಿದೀನಿ."

ನವೆಂಬರ್ 12

ತೂಕ. ಅವಳೂ ನಾನೂ. ನಾನು ತಕ್ಕಡಿ ಓದುವುದು, ಅವಳು ಬರೆಯುವುದು. ಬರೆದ ಮೇಲೆ ಎದ್ದು ಬಂದು ತಾನೂ ತಕ್ಕಡಿ ನೋಡುವುದು. ಆಮೇಲೆ ಚೀಟಿ ಬೆಳಕಿಗೆ ಹಿಡಿಯುವುದು. ಆಮೇಲೆ ಮುಂದಿನದು.

ಓವನ್ನಿನ ಗುಂಯ್ ಸದ್ದು. ಒಂದನೆಯದು ಓದಿದೆ, ಬರೆದಳು, ಎದ್ದು ನೋಡಿದಳು. ಎರಡು, ಮೂರು, ಹಾಗೆಯೇ. ಎಂಟರ ಹೊತ್ತಿಗೆ ಅವಳ ಮಂಡಿ ನೋಯುತ್ತಿತ್ತು, ಮೇಜು ಹಿಡಿದು ಏಳುತ್ತಿದ್ದಳು. ಕುರ್ಚಿ ಹತ್ತಿರಕ್ಕೆ ಎಳೆದುಕೊಡಲೇ ಎಂದೆ. ಬೇಡ ಎಂದಳು. ಪ್ರತಿ ಸಲ ಅವಳು ಬಗ್ಗಿದಾಗ ನಾನು ಪಕ್ಕಕ್ಕೆ ಸರಿದು ಜಾಗ ಬಿಟ್ಟೆ. ಹದಿನೈದು ಸಲ. ಪ್ರತಿ ಸಲವೂ ಸರಿಯಿತ್ತು. ಸರಿಯಿದ್ದದ್ದಕ್ಕೆ ಯಾರೂ ಏನೂ ಹೇಳಬೇಕಾಗಿಲ್ಲ.

ಹದಿನಾರನೆಯದು. ಚೀಲ ಬಿಚ್ಚಿದೆ. ಕೊಡವಿದೆ. ಸೊನ್ನೆ ನೋಡಿಕೊಂಡೆ, ಇಟ್ಟೆ, ಅಂಕಿ ನಿಲ್ಲುವವರೆಗೆ ಕಾದೆ. 5.41 ಎಂದೆ. ಬರೆದಳು. ಪೆನ್ನಿನ ಮುಚ್ಚಳ ಹಾಕಿದಳು. ನಾನು ಪಕ್ಕಕ್ಕೆ ಸರಿದು ನಿಂತೆ. ಅವಳು ಕುರ್ಚಿಯಲ್ಲೇ ಕೂತು ತಕ್ಕಡಿಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು, ಮೇಜಿನ ಅಂಚಿಗೆ ಕೈ ಊರಿ ಎದ್ದು ಬಂದು, ತಕ್ಕಡಿಯತ್ತ ಬಗ್ಗಿದಳು.